ಬಸ್ಸಿನ ಜಾಡು ಹಿಡಿಯುವ ಯಂತ್ರ: ಅದರ ಆಯವ್ಯಯ

ಮನೆವಾರ್ತೆಯ ಲೆಕ್ಕವನ್ನು ಬರೆದಿಡುವ ಅಭ್ಯಾಸವುಳ್ಳ ಗೃಹಸ್ಥರಿಗೆ ಒಂದು ವಿಷಯವು ಅನುಭವದಿಂದಲೇ ತಿಳಿದಿರುವುದು. ಮನೆಗೆ ಹೊಸ ವಸ್ತುವೊಂದನ್ನು ತಂದಾಗ ಅಂಗಡಿಯವನ ಕೈಗೆ ಕೊಟ್ಟ ಹಣವು ಅದರ ವೆಚ್ಚದಲ್ಲಿ ಮೊದಲನೆಯ ಕಂತು ಮಾತ್ರವೇ ಸರಿ. ಹಸುವನ್ನು ಕೊಂಡವನು ಹುಲ್ಲು ಹಿಂಡಿಗಳನ್ನು ಒದಗಿಸಬೇಕು, ಕೊಟ್ಟಿಗೆಯನ್ನು ಕಟ್ಟಿಸಬೇಕು, ಹೊತ್ತು ಹೊತ್ತಿಗೆ ಹಾಲು ಕರೆಯುವ ಕೈಯನ್ನೂ ಹುಡುಕಬೇಕು. ಹಾಗೆಯೇ ಲಾಭವೂ ಹಾಲಿನ ಲೆಕ್ಕದಲ್ಲಿಯೇ ಮುಗಿದುಹೋಗುವುದಿಲ್ಲ. ಗೊಬ್ಬರವುಂಟು, ಕರುವುಂಟು, ಮಕ್ಕಳ ಮೈಗೆ ಪುಷ್ಟಿಯುಂಟು. ಎರಡು ಕಡೆಯನ್ನೂ ಪೂರ್ತಿಯಾಗಿ ತೂಗಿನೋಡದೆ ‘ಹಸು ಲಾಭ’ವೆಂದಾಗಲಿ ‘ಹಸು ನಷ್ಟ’ವೆಂದಾಗಲಿ ಹೇಳುವವನು ವಿವೇಕಿಯಲ್ಲ. ಒಂದು ಮನೆಗೆ ಒಪ್ಪುವ ಈ ನ್ಯಾಯವು ಊರಿಗೂ ನಾಡಿಗೂ ಒಪ್ಪತಕ್ಕದ್ದೇ ಆಗಿದೆ.

ಈಚಿನ ವರ್ಷಗಳಲ್ಲಿ ನಮ್ಮ ಸಾರಿಗೆ ಬಸ್ಸುಗಳಲ್ಲಿಯೂ, ರೋಗಿಗಳನ್ನು ಸಾಗಿಸುವ ಆಂಬುಲೆನ್ಸುಗಳಲ್ಲಿಯೂ, ಅನೇಕ ಪಟ್ಟಣಗಳ ಕಸದ ಗಾಡಿಗಳಲ್ಲಿಯೂ ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಇರಿಸಿರುವರು. ವಾಹನವು ಈ ಕ್ಷಣದಲ್ಲಿ ಎಲ್ಲಿದೆ, ಯಾವ ವೇಗದಿಂದ ಓಡುತ್ತಿದೆ, ಎಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದನ್ನು ಆ ಪೆಟ್ಟಿಗೆಯು ದೂರದ ಕಚೇರಿಗೆ ತಿಳಿಸುತ್ತಿರುವುದು. ಜನರು ಇದನ್ನು ಜಿ.ಪಿ.ಎಸ್. ಎಂದೇ ಕರೆಯುವರು. ಇದೊಂದಿದ್ದರೆ ಸಾರಿಗೆಯ ಸಕಲ ರೋಗಗಳೂ ಗುಣವಾಗುವುವೆಂದು ಕೆಲವರೆನ್ನುವರು. ಇದು ಬೊಕ್ಕಸಕ್ಕೆ ಹೊರೆ, ಕೆಲಸಗಾರರಿಗೆ ಕಾಟ, ಬೇರೇನೂ ಅಲ್ಲವೆಂದು ಮತ್ತೆ ಕೆಲವರೆನ್ನುವರು. ತೆರಿಗೆ ಕೊಡುವವರೂ ನಾವೇ, ಬಸ್ಸಿಗೆ ಕಾಯುವವರೂ ನಾವೇ ಆದುದರಿಂದ, ಈ ವಿಷಯದಲ್ಲಿ ಗೃಹಸ್ಥರು ತಾವೇ ತಕ್ಕಡಿಯನ್ನು ಹಿಡಿದು ನೋಡುವುದು ಮೇಲು.

ಯಂತ್ರದ ಸ್ವರೂಪ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕಾಗಿದೆ. ವೇದದ ಋಷಿಗಳು ವರುಣದೇವನ ಚಾರರು ಆಕಾಶದಿಂದ ಭೂಮಿಯ ಮೇಲಿನವರನ್ನೆಲ್ಲ ನೋಡುತ್ತಿರುವರೆಂದು ಭಾವಿಸಿದ್ದರು. ಈಗಿನ ಜನರೂ ಉಪಗ್ರಹಗಳನ್ನು ಕುರಿತು ಅಂತಹದೇ ಭಾವನೆಯನ್ನು ಇಟ್ಟುಕೊಂಡಿರುವರು; ಮೇಲಿನಿಂದ ಉಪಗ್ರಹವು ಬಸ್ಸನ್ನು ನೋಡುತ್ತಿದೆಯೆಂದು ಹೇಳುವರು. ವಸ್ತುಸ್ಥಿತಿಯು ಹಾಗಿಲ್ಲ. ಈ ಉಪಗ್ರಹವು ಯಾರನ್ನೂ ನೋಡುವುದಿಲ್ಲ. ಅದು ಊರ ನಡುವಿನ ಗಡಿಯಾರದ ಗೋಪುರವಿದ್ದಂತೆ. ಮೈಸೂರಿನ ದೊಡ್ಡ ಗಡಿಯಾರವು ಹೊತ್ತನ್ನು ತೋರಿಸುವುದೇ ಹೊರತು, ತನ್ನ ಕಡೆ ಯಾರು ತಲೆಯೆತ್ತಿ ನೋಡಿದರೆಂಬುದನ್ನು ಅರಿಯದು. ಉಪಗ್ರಹವೂ ತನ್ನೊಳಗಿನ ಪರಮಾಣು ಗಡಿಯಾರದ ಹೊತ್ತನ್ನೂ ತಾನಿರುವ ಎಡೆಯನ್ನೂ ರೇಡಿಯೋ ಅಲೆಗಳಿಂದ ಎಡೆಬಿಡದೆ ಸಾರುತ್ತಿರುವುದು, ಅಷ್ಟೆ.

ಬಸ್ಸಿನ ಪೆಟ್ಟಿಗೆಯು ಏಕಕಾಲದಲ್ಲಿ ಕಡಮೆಯೆಂದರೆ ನಾಲ್ಕು ಉಪಗ್ರಹಗಳ ಈ ಸಾರಣೆಯನ್ನು ಕೇಳಿಸಿಕೊಂಡು, ಒಂದೊಂದರ ಅಲೆಯೂ ತನ್ನನ್ನು ತಲಪಲು ಎಷ್ಟು ಹೊತ್ತು ಹಿಡಿಯಿತೆಂಬುದರಿಂದ ತಾನಿರುವ ಸ್ಥಳವನ್ನು ಗಣಿಸಿಕೊಳ್ಳುವುದು. ಮೂರು ಉಪಗ್ರಹಗಳು ಸ್ಥಳವನ್ನು ಗೊತ್ತುಮಾಡಲು, ನಾಲ್ಕನೆಯದು ಪೆಟ್ಟಿಗೆಯ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು. ಅಲೆಗಳು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡುವುದರಿಂದ, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಹೊತ್ತು ತಪ್ಪಿದರೂ ಸ್ಥಳದಲ್ಲಿ ೩೦೦ ಮೀಟರು ತಪ್ಪಿಹೋಗುವುದು. ಆದುದರಿಂದಲೇ ಅಷ್ಟು ಸೂಕ್ಷ್ಮವಾದ ಗಡಿಯಾರಗಳು ಬೇಕಾದುವು. ಹೀಗೆ ಗಣಿಸಿದ ಸ್ಥಳವನ್ನು ಪೆಟ್ಟಿಗೆಯು ತನ್ನೊಳಗಿನ ಸಿಮ್ಮಿನ ಮೂಲಕ, ನಮ್ಮ ಮೊಬೈಲು ಫೋನು ಮಾತಾಡುವ ಹಾದಿಯಲ್ಲಿಯೇ, ನಿಯಂತ್ರಣ ಕೊಠಡಿಗೆ ಕಳುಹಿಸುವುದು. ಎಂದರೆ ನೋಡುವ ಕಣ್ಣು ಆಕಾಶದಲ್ಲಿಲ್ಲ. ಭೂಮಿಯ ಮೇಲಿನ ಒಂದು ಕೊಠಡಿಯಲ್ಲಿ ಕುರ್ಚಿಯ ಮೇಲೆ ಕುಳಿತ ಮನುಷ್ಯನಲ್ಲಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಅಮೆರಿಕದವರು ತಮ್ಮ ಸೇನೆಯ ಉಪಯೋಗಕ್ಕಾಗಿ ಇಂತಹ ಮೊದಲನೆಯ ಉಪಗ್ರಹವನ್ನು ೧೯೭೮ರಲ್ಲಿ ಹಾರಿಸಿದರು. ೧೯೯೫ರಲ್ಲಿ ಆ ವ್ಯವಸ್ಥೆಯು ಪೂರ್ಣವಾಯಿತು. ಆ ಉಪಗ್ರಹಗಳು ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವುವು. ಜನಸಾಮಾನ್ಯರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ಸ್ವಲ್ಪ ತಪ್ಪನ್ನು ಬೆರಸುತ್ತಿದ್ದರು. ೨೦೦೦ದ ಮೇ ತಿಂಗಳಿನಲ್ಲಿ ಅದನ್ನು ನಿಲ್ಲಿಸಿದ ಬಳಿಕವೇ ಈ ವಿದ್ಯೆಯು ಬಸ್ಸು ಲಾರಿಗಳಿಗೆ ನಿಜವಾಗಿ ಉಪಯುಕ್ತವಾಯಿತು. ನಮ್ಮ ದೇಶದವರು ಪರರನ್ನೇ ನೆಚ್ಚಿಕೊಂಡಿರಬಾರದೆಂದು ತಮ್ಮದೇ ಆದ ವ್ಯವಸ್ಥೆಯನ್ನು ಕಟ್ಟಿಕೊಂಡು, ೨೦೧೩ರ ಜುಲೈ ೧ರಂದು ಮೊದಲನೆಯ ಉಪಗ್ರಹವನ್ನೂ ೨೦೧೬ರ ಏಪ್ರಿಲಿನಲ್ಲಿ ಏಳನೆಯದನ್ನೂ ಹಾರಿಸಿದರು. ‘ನಾವಿಕ’ವೆಂದು ಹೆಸರಾದ ಈ ವ್ಯವಸ್ಥೆಯ ಒಂದು ಮುಖ್ಯ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿರುವುದು ನಮಗೆ ಸಂತೋಷದ ವಿಷಯ. ಆದರೆ ಆ ಉಪಗ್ರಹಗಳೊಳಗಿನ ಗಡಿಯಾರಗಳಲ್ಲಿ ಕೆಲವು ಕೆಲವೇ ವರ್ಷಗಳಲ್ಲಿ ಕೆಟ್ಟುಹೋದುವು. ೨೦೨೩ರ ಮೇ ತಿಂಗಳಿನಲ್ಲಿ ನಮ್ಮವರೇ ಮಾಡಿದ ಪರಮಾಣು ಗಡಿಯಾರವುಳ್ಳ ಹೊಸ ಉಪಗ್ರಹವನ್ನು ಕಳುಹಿಸಬೇಕಾಯಿತು. ಆಕಾಶದ ಗಡಿಯಾರವಾದರೂ ಕೆಟ್ಟೀತು. ಇಟ್ಟುಕೊಂಡವನು ಪೋಷಣೆಯ ವೆಚ್ಚಕ್ಕೂ ಸಿದ್ಧನಾಗಿರಬೇಕೆಂಬ ಪಾಠವು ಇಲ್ಲಿಂದಲೇ ಮೊದಲಾಗುವುದು.

ನಮ್ಮ ನಾಡಿನ ಅನುಭವ

ಮೈಸೂರು ಸರಕಾರವು ೧೯೪೮ರ ಸೆಪ್ಟೆಂಬರಿನಲ್ಲಿ ೧೨೦ ಬಸ್ಸುಗಳಿಂದ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. ೧೯೬೧ರಲ್ಲಿ ಅದು ನಿಗಮವಾಯಿತು. ೧೯೯೭ರಲ್ಲಿ ಬೆಂಗಳೂರು ನಗರದ ಸಾರಿಗೆಗೆ ಪ್ರತ್ಯೇಕ ಸಂಸ್ಥೆಯಾಯಿತು. ಆಗಲೂ ಬಸ್ಸಿನ ಜಾಡನ್ನು ಹಿಡಿಯುವ ಏರ್ಪಾಡು ಇರಲಿಲ್ಲವೆಂದಲ್ಲ. ನಿಲ್ದಾಣದಲ್ಲಿ ಹೊತ್ತು ಬರೆದುಕೊಳ್ಳುವ ನೌಕರನೂ, ಡಿಪೋದಲ್ಲಿ ಲಾಗ್ ಬುಕ್ಕೂ, ದಾರಿಯ ನಡುವೆ ಫಕ್ಕನೆ ಕೈಯೊಡ್ಡಿ ಬಸ್ಸು ನಿಲ್ಲಿಸುವ ಚೆಕ್ಕಿಂಗ್ ಇನ್ಸ್‌ಪೆಕ್ಟರೂ ಈ ಕೆಲಸವನ್ನೇ ಮಾಡುತ್ತಿದ್ದರು. ಇದು ಅದಕ್ಕೂ ಹಿಂದಿನ ಪದ್ಧತಿ. ಮೈಸೂರಿನ ಪ್ರಾಚ್ಯ ಕೋಶಾಗಾರದಿಂದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಥಗಳಿಗೊಬ್ಬ, ನಾವೆಗಳಿಗೊಬ್ಬ, ಗೋವುಗಳಿಗೊಬ್ಬ ಅಧ್ಯಕ್ಷನನ್ನು ಹೇಳಿದೆ. ರಾಜನ ಸ್ವತ್ತು ಕೈಬದಲಾಯಿಸುವಲ್ಲೆಲ್ಲ ಎಷ್ಟು ಸೋರಿತೆಂಬುದನ್ನು ಅರಿಯುವುದು ಕಷ್ಟವೆಂದು ಆ ಮಹನೀಯನು ಬಲ್ಲನಾಗಿದ್ದನು. ಆದುದರಿಂದ ಜಾಡು ಹಿಡಿಯುವುದು ಹಳೆಯದು. ಹಿಡಿಯುವ ಸಾಧನ ಮಾತ್ರ ಹೊಸದು.

ಈ ಹೊಸ ಸಾಧನವನ್ನು ನಮ್ಮಲ್ಲಿ ನಗರದ ಬಸ್ಸುಗಳಿಗೆಲ್ಲ ಒಟ್ಟಾಗಿ ಅಳವಡಿಸಿ ನೋಡಿದ ಮೊದಲ ಊರುಗಳಲ್ಲಿ ಮೈಸೂರು ಒಂದು. ಕೇಂದ್ರ ಸರಕಾರದ ಮತ್ತು ವಿಶ್ವಬ್ಯಾಂಕಿನ ನೆರವಿನಿಂದ ೨೦೧೨ರಲ್ಲಿ ಅಲ್ಲಿನ ಸುಮಾರು ೫೦೦ ಬಸ್ಸುಗಳಿಗೆ ಯಂತ್ರಗಳನ್ನು ಕೂಡಿಸಿ, ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಬರುವುದೆಂದು ತೋರಿಸುವ ಹಲಗೆಗಳನ್ನು ನಿಲ್ದಾಣಗಳಲ್ಲಿ ತೂಗಹಾಕಿದರು. ಬೆಂಗಳೂರಿನಲ್ಲಿ ೨೦೧೬ರಲ್ಲಿ ಆರು ಸಾವಿರಕ್ಕೂ ಮಿಕ್ಕ ಬಸ್ಸುಗಳಿಗೆ ಇದೇ ವ್ಯವಸ್ಥೆಯಾಯಿತು. ೨೦೨೩ರಲ್ಲಿ ಪ್ರಯಾಣಿಕರು ತಮ್ಮ ಫೋನಿನಲ್ಲಿಯೇ ಬಸ್ಸಿನ ಬರವನ್ನು ನೋಡುವ ಹೊಸದೊಂದು ಆ್ಯಪು ಬಂದಿತು. ಈ ನಡುವೆ, ೨೦೧೨ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಓಡುತ್ತಿದ್ದ ಬಸ್ಸಿನೊಳಗೆ ತರುಣಿಯೊಬ್ಬಳ ಮೇಲೆ ನಡೆದ ಘೋರಕೃತ್ಯವು ದೇಶವನ್ನೇ ನಡುಗಿಸಿತು. ಅದರ ಫಲವಾಗಿ, ಸಾರ್ವಜನಿಕರನ್ನು ಸಾಗಿಸುವ ವಾಹನಗಳಲ್ಲಿ ಸ್ಥಳಸೂಚಕ ಯಂತ್ರವೂ ಆಪತ್ತಿನಲ್ಲಿ ಒತ್ತುವ ಗುಂಡಿಯೂ ಇರಬೇಕೆಂದು ೨೦೧೬ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ೨೦೧೯ರ ಜನವರಿಯಿಂದ ಹೊಸ ವಾಹನಗಳಿಗೆ ಅದು ಜಾರಿಗೆ ಬಂದಿತು. ಕರ್ನಾಟಕ ಸರಕಾರವು ೨೦೨೩ರಲ್ಲಿ ಹಳೆಯ ವಾಹನಗಳಿಗೂ ಇದನ್ನು ವಿಧಿಸುವ ಕ್ರಮವನ್ನು ಕೈಗೊಂಡು, ಯಂತ್ರಕ್ಕೂ ಗುಂಡಿಗಳಿಗೂ ಸೇರಿ, ತೆರಿಗೆಯನ್ನು ಬಿಟ್ಟು, ೭,೫೯೯ ರೂಪಾಯಿ ಬೆಲೆಯನ್ನು ಗೊತ್ತುಮಾಡಿತು.

ವೆಚ್ಚದ ತಟ್ಟೆ

ಮೇಲಿನ ಬೆಲೆಯು ತೆರಿಗೆ ಸೇರಿ ಸುಮಾರು ೯,೦೦೦ ರೂಪಾಯಿ ಆಗುವುದು. ಇದು ಹಸುವಿನ ಬೆಲೆ. ಹುಲ್ಲಿನ ವೆಚ್ಚವು ಇನ್ನೂ ಮುಂದೆ ಇದೆ. ಸಿಮ್ಮಿಗೆ ಕಾಲಕಾಲಕ್ಕೆ ಹಣ ಕಟ್ಟಬೇಕು. ಮಳೆ ಧೂಳು ಕುಲುಕಾಟಗಳಿಂದ ತಂತಿ ಸಡಿಲವಾದರೆ ರಿಪೇರಿ ಮಾಡಿಸಬೇಕು. ವರದಿಗಳನ್ನು ಕೂಡಿಸಿಡುವ ಕಂಪ್ಯೂಟರಿಗೂ ಅದರ ಕಂಪನಿಗೂ ವರ್ಷಾಶನವನ್ನು ಕೊಡಬೇಕು. ಎಲ್ಲಕ್ಕೂ ಮಿಗಿಲಾಗಿ, ಬಂದ ವರದಿಯನ್ನು ಓದಿ ತಕ್ಕ ಕ್ರಮವನ್ನು ಕೈಗೊಳ್ಳಬಲ್ಲ ಮನುಷ್ಯನಿಗೆ ಸಂಬಳವನ್ನು ಕೊಡಬೇಕು. ಯಂತ್ರವನ್ನು ಕೊಳ್ಳುವಾಗ ಈ ಕಡೆಯ ವೆಚ್ಚವನ್ನು ಮರೆಯುವುದೇ ಹೆಚ್ಚು.

ಇನ್ನೊಂದು ವೆಚ್ಚವು ಕಣ್ಣಿಗೆ ಕಾಣದೆ ಬರುವುದು; ಅದು ಯಂತ್ರದ ಅಕಾಲವಾರ್ಧಕ್ಯ. ಅಮೆರಿಕದಲ್ಲಿ ೨೦೨೨ರಲ್ಲಿ ದೊಡ್ಡ ಫೋನು ಕಂಪನಿಗಳು ತಮ್ಮ ಮೂರನೆಯ ತಲೆಮಾರಿನ ಜಾಲವನ್ನು ನಿಲ್ಲಿಸಿದಾಗ, ಅದನ್ನೇ ನಂಬಿದ್ದ ವಾಹನಗಳ ಯಂತ್ರಗಳು ಕೆಡದೆಯೇ ನಿರುಪಯುಕ್ತವಾದುವು. ಮತ್ತೊಂದು ಸ್ವಾರಸ್ಯವಾದ ಸಂಗತಿಯುಂಟು. ನಮ್ಮ ಪಂಚಾಂಗದಲ್ಲಿ ಪ್ರಭವಾದಿ ೬೦ ಸಂವತ್ಸರಗಳು ಮುಗಿದೊಡನೆ ಮತ್ತೆ ಪ್ರಭವಕ್ಕೇ ಬರುವೆವಲ್ಲವೆ? ಜಿ.ಪಿ.ಎಸ್. ವ್ಯವಸ್ಥೆಯೂ ೧೯೮೦ರ ಜನವರಿಯಿಂದ ವಾರಗಳನ್ನು ಎಣಿಸುತ್ತ, ೧,೦೨೪ ವಾರಗಳಾದೊಡನೆ ಮತ್ತೆ ಸೊನ್ನೆಯಿಂದ ಆರಂಭಿಸುವುದು. ೧೯೯೯ರಲ್ಲಿ ಒಮ್ಮೆ, ೨೦೧೯ರ ಏಪ್ರಿಲಿನಲ್ಲಿ ಇನ್ನೊಮ್ಮೆ ಹೀಗಾಯಿತು. ಎರಡನೆಯ ಸಲ ಅದಕ್ಕೆ ಸಿದ್ಧಮಾಡಿಕೊಳ್ಳದಿದ್ದ ಹಳೆಯ ಯಂತ್ರಗಳು ತಬ್ಬಿಬ್ಬಾದುವು. ನ್ಯೂಯಾರ್ಕ್ ನಗರಸಭೆಯ ಕಾರ್ಯಗಳಿಗಾಗಿ ಇದ್ದ ನಿಸ್ತಂತು ಜಾಲವೇ ಕೆಲವು ದಿನ ನಿಂತುಹೋಯಿತು. ಆದುದರಿಂದ ಐದು ವರ್ಷಕ್ಕೊಮ್ಮೆ ಯಂತ್ರವನ್ನು ಬದಲಾಯಿಸಬೇಕಾದೀತೆಂದು ಭಾವಿಸಿ ಲೆಕ್ಕ ಹಾಕುವುದು ಲೇಸು.

ಲಾಭದ ತಟ್ಟೆ

ಇನ್ನು ಲಾಭವನ್ನು ನೋಡೋಣ. ಮುಂದಿನ ಅಂಕಿಗಳಲ್ಲಿ ಯಂತ್ರದ ಬೆಲೆಯೊಂದನ್ನು ಬಿಟ್ಟು ಉಳಿದುವು ಲೆಕ್ಕದ ಕ್ರಮವನ್ನು ತೋರಿಸುವುದಕ್ಕಾಗಿ ನಾವು ಕಲ್ಪಿಸಿಕೊಂಡುವು. ವಾಚಕರು ತಮ್ಮ ಊರಿನ ಅಂಕಿಗಳನ್ನು ಇಟ್ಟು ನೋಡಬಹುದು.

ಒಂದು ಬಸ್ಸು ದಿನಕ್ಕೆ ೨೦೦ ಕಿಲೋಮೀಟರು ಓಡುವುದೆಂದೂ, ಲೀಟರಿಗೆ ೫ ಕಿಲೋಮೀಟರಿನಂತೆ ೪೦ ಲೀಟರು ಡೀಸೆಲ್ಲನ್ನು ಕುಡಿಯುವುದೆಂದೂ, ಲೀಟರಿಗೆ ೯೦ ರೂಪಾಯಿ ಎಂದೂ ಇಟ್ಟುಕೊಳ್ಳೋಣ. ದಿನಕ್ಕೆ ೩,೬೦೦ ರೂಪಾಯಿ. ವರ್ಷದಲ್ಲಿ ೩೦೦ ದಿನ ಓಡಿದರೆ ೧೦,೮೦,೦೦೦ ರೂಪಾಯಿ. ಯಂತ್ರದ ಬೆಲೆಯನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ೧,೮೦೦. ಸಿಮ್ಮು ರಿಪೇರಿಗಳಿಗೆ ೨,೦೦೦. ನೂರು ಬಸ್ಸಿನ ಡಿಪೋದಲ್ಲಿ ತಿಂಗಳಿಗೆ ೨೦,೦೦೦ ಸಂಬಳದ ಒಬ್ಬ ನೌಕರನಿದ್ದರೆ ಬಸ್ಸೊಂದಕ್ಕೆ ೨,೪೦೦. ಒಟ್ಟು ೬,೨೦೦ ರೂಪಾಯಿ. ನಿಂತಲ್ಲೇ ಎಂಜಿನನ್ನು ಓಡಿಸುವುದು, ವಿಪರೀತ ವೇಗ, ಸುತ್ತುದಾರಿ ಇವುಗಳನ್ನು ತಪ್ಪಿಸಿ ನೂರು ಲೀಟರಿಗೆ ಒಂದೇ ಒಂದು ಲೀಟರನ್ನು ಉಳಿಸಿದರೂ ವರ್ಷಕ್ಕೆ ೧೦,೮೦೦ ರೂಪಾಯಿ ಉಳಿಯುವುದು. ಬಸ್ಸಿಗೆ ಈ ಯಂತ್ರವು ಖಂಡಿತವಾಗಿಯೂ ಹೊರೆಯಲ್ಲ.

ಅದೇ ಯಂತ್ರವನ್ನು ಸಣ್ಣ ಪಟ್ಟಣವೊಂದರ ಕಸದ ಆಟೋ ಗಾಡಿಗೆ ಇಟ್ಟು ನೋಡೋಣ. ಅದು ದಿನಕ್ಕೆ ೩೦ ಕಿಲೋಮೀಟರು ಓಡಿ ೨ ಲೀಟರು ಕುಡಿದರೆ, ವರ್ಷಕ್ಕೆ ಡೀಸೆಲ್ಲಿನ ವೆಚ್ಚವು ೫೪,೦೦೦ ರೂಪಾಯಿ ಮಾತ್ರ. ಗಾಡಿಗಳು ೪೦ ಇದ್ದು, ನೋಡಿಕೊಳ್ಳುವ ನೌಕರನ ಸಂಬಳವನ್ನು ಹಂಚಿದರೆ ಗಾಡಿಯೊಂದಕ್ಕೆ ೬,೦೦೦. ಯಂತ್ರದ ಪಾಲು ೩,೮೦೦. ಒಟ್ಟು ೯,೮೦೦ ರೂಪಾಯಿ. ಇದನ್ನು ಡೀಸೆಲ್ಲಿನಿಂದಲೇ ತುಂಬಿಕೊಳ್ಳಬೇಕಾದರೆ ನೂರಕ್ಕೆ ೧೮ ಪಾಲನ್ನು ಉಳಿಸಬೇಕು. ಅದು ಪ್ರಾಮಾಣಿಕವಾದ ಗಾಡಿಯಲ್ಲಿ ಆಗದ ಮಾತು. ಆದರೆ ಹಿಂದೆ ಅಷ್ಟು ಸೋರುತ್ತಿತ್ತೆಂದು ಅರ್ಥವಾದೀತು. ಹಾಗಾದರೆ ಕಸದ ಗಾಡಿಗೆ ಯಂತ್ರವು ಬೇಡವೋ? ಹಾಗಲ್ಲ. ಅದರ ಲಾಭವು ಬೇರೆ ಕಡೆ ಇದೆ. ಗಾಡಿಯು ಯಾವ ಕೇರಿಗೆ ಬಂದಿತು, ಯಾವ ಕೇರಿಗೆ ಬರಲೇ ಇಲ್ಲ ಎಂಬುದು ಅದರಿಂದ ತಿಳಿಯುವುದು. ಸಾಮಾನ್ಯವಾಗಿ ಬಿಟ್ಟುಹೋಗುವುದು ದೊಡ್ಡವರ ಬೀದಿಯಲ್ಲ, ಬಡವರ ಕೇರಿ. ಅಲ್ಲಿನವರ ದೂರಿಗೆ ಒಂದು ಆಧಾರ ದೊರೆತರೆ ಅದು ಡೀಸೆಲ್ಲಿಗಿಂತ ದೊಡ್ಡ ಲಾಭ. ಆಂಬುಲೆನ್ಸಿನ ಲೆಕ್ಕವಂತೂ ರೂಪಾಯಿಗಳಲ್ಲಿ ನಡೆಯತಕ್ಕದ್ದೇ ಅಲ್ಲ. ಹತ್ತಿರದ ಗಾಡಿ ಯಾವುದೆಂದು ಕೂಡಲೆ ತಿಳಿದು ಹತ್ತು ನಿಮಿಷ ಉಳಿದರೆ ಅದರ ಬೆಲೆಯನ್ನು ಮನೆಯವರೇ ಬಲ್ಲರು. ಒಂದೊಂದು ವಾಹನದ ಲಾಭವೂ ಒಂದೊಂದು ಬಗೆಯದು. ಎಲ್ಲವನ್ನೂ ಒಂದೇ ಸೇರಿನಿಂದ ಅಳೆಯಲಾಗದು.

ನಿಗಮದ ಲೆಕ್ಕದ ಪುಸ್ತಕದಲ್ಲಿ ಎಂದೂ ಏರದ ಲಾಭವೊಂದುಂಟು: ಅದು ಕಾಯುವವರ ಹೊತ್ತು. ದಿನಕ್ಕೆ ೬೦೦ ಜನರು ಹತ್ತುವ ಬಸ್ಸೊಂದರಲ್ಲಿ ಒಬ್ಬೊಬ್ಬರಿಗೂ ೫ ನಿಮಿಷದ ಕಾಯುವಿಕೆಯು ಉಳಿದರೆ ಒಟ್ಟು ೫೦ ಗಂಟೆಗಳಾಗುವುವು. ಮುಂದಿನ ಬಸ್ಸು ಅರ್ಧ ಗಂಟೆಗೆ ಎಂದು ಮೊದಲೇ ತಿಳಿದ ಗೃಹಿಣಿಯು ಮನೆಯಲ್ಲಿ ಒಲೆಯ ಮೇಲಿನ ಕೆಲಸವನ್ನು ಮುಗಿಸಿ ಬರಬಹುದು. ಮುಸ್ಸಂಜೆಯಲ್ಲಿ ಕಾಲೇಜಿನಿಂದ ಬರುವ ಹುಡುಗಿಯು ಒಂಟಿ ನಿಲ್ದಾಣದಲ್ಲಿ ನಿಲ್ಲುವ ಬದಲು ಜನರಿರುವಲ್ಲಿ ನಿಂತಿರಬಹುದು.

ಅರ್ಧ ಗಂಟೆ ಒಂದೂ ಬಾರದೆ, ಅನಂತರ ಮೂರು ಬಸ್ಸುಗಳು ಒಂದರ ಬೆನ್ನಿಗೊಂದು ಬರುವುದನ್ನು ವಾಚಕರೆಲ್ಲರೂ ಕಂಡು ಶಪಿಸಿರಬಹುದು. ಇದು ಚಾಲಕರ ಕುಹಕವೆಂದು ನಾವು ಬಹುಕಾಲ ನಂಬಿದ್ದೆವು. ನಿಜವಾದ ಕಾರಣವು ಬೇರೆ. ಮುಂದಿನ ಬಸ್ಸು ಸ್ವಲ್ಪ ತಡವಾದರೆ ನಿಲ್ದಾಣದಲ್ಲಿ ಜನರು ಹೆಚ್ಚುವರು; ಅವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಅದು ಇನ್ನಷ್ಟು ತಡವಾಗುವುದು; ಹಿಂದಿನ ಬಸ್ಸಿಗೆ ಜನರೇ ಉಳಿಯದುದರಿಂದ ಅದು ಬೇಗ ಬೇಗ ಬಂದು ಮುಂದಿನದನ್ನು ಕೂಡಿಕೊಳ್ಳುವುದು. ಚಾಲಕರು ಎಷ್ಟೇ ಸಜ್ಜನರಾಗಿದ್ದರೂ ಇದು ತಾನಾಗಿ ಆಗುವುದು. ಎರಡು ಬಸ್ಸುಗಳೂ ಎಲ್ಲಿವೆಯೆಂದು ನೋಡಬಲ್ಲವನು ಮಾತ್ರ ಹಿಂದಿನದನ್ನು ಎರಡು ನಿಮಿಷ ತಡೆದು ಇದನ್ನು ಸರಿಪಡಿಸಬಲ್ಲನು. ಯಂತ್ರದ ನಿಜವಾದ ಪ್ರಯೋಜನವು ಇಂತಹ ಕಡೆಯೇ ಇದೆ.

ಇಷ್ಟನ್ನು ಹೇಳಿದ ಮೇಲೆ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಯಂತ್ರವು ಕಣ್ಣೇ ಹೊರತು ಕೈಯಲ್ಲ. ಅದು ಡೀಸೆಲ್ಲನ್ನು ಉಳಿಸದು, ಬಸ್ಸನ್ನು ತಡೆಯದು, ಅಬಲೆಯನ್ನು ಕಾಯದು. ಆಪತ್ತಿನ ಗುಂಡಿಯನ್ನು ಒತ್ತಿದಾಗ ಕೊಠಡಿಯಲ್ಲಿ ದೀಪ ಮಿನುಗೀತು; ಅಲ್ಲಿ ಎಚ್ಚರವಾಗಿರುವ ಮನುಷ್ಯನೂ, ಅವನ ಮಾತಿಗೆ ಓಡಿಬರುವ ಪೊಲೀಸರೂ ಇಲ್ಲದಿದ್ದರೆ ಆ ದೀಪದಿಂದ ಯಾರಿಗೆ ಏನು ಫಲ? ನೋಡುವವರಿಲ್ಲದ ಯಂತ್ರಕ್ಕೆ ಹಾಕಿದ ಹಣವು ಹೊಳೆಯಲ್ಲಿ ಹಿಂಡಿದ ಹುಣಿಸೆಹಣ್ಣು.

ರೂಪಾಯಿಯಲ್ಲಿ ತೂಗಲಾಗದ ವೆಚ್ಚ

ನಮ್ಮ ಹಳೆಯ ಶಿಷ್ಯನೊಬ್ಬನು ಬಸ್ಸಿನ ಚಾಲಕನಾಗಿರುವನು. ಕಳೆದ ಯುಗಾದಿಯ ಮರುದಿನ ನಮ್ಮನ್ನು ಕಾಣಲು ಬಂದಿದ್ದವನು, ಮಾತಿಗೆ ಮಾತು ಬಂದು, ಈ ಯಂತ್ರದ ವಿಷಯವನ್ನು ಹೇಳಿದನು.

“ಮೇಷ್ಟ್ರೇ, ಆ ಪೆಟ್ಟಿಗೆ ನನ್ನ ಮಾನ ಒಂದು ಸಲ ಉಳಿಸಿತು, ಒಂದು ಸಲ ಕಳೆಯಿತು” ಎಂದನು.

ಒಂದು ಊರಿನವರು, ರಾತ್ರಿಯ ಕಡೆಯ ಬಸ್ಸು ತಮ್ಮ ಊರಿಗೆ ಬಾರದೆ ಹೆದ್ದಾರಿಯಿಂದಲೇ ಹೊರಟುಹೋಯಿತೆಂದು ದೂರು ಬರೆದಿದ್ದರಂತೆ. ಹಿಂದಿನ ಕಾಲವಾಗಿದ್ದರೆ ಚಾಲಕನ ಮಾತಿಗೆ ಬೆಲೆಯಿರುತ್ತಿರಲಿಲ್ಲ. ಯಂತ್ರದ ದಾಖಲೆಯಲ್ಲಿ ಬಸ್ಸು ಊರಿನೊಳಕ್ಕೆ ಹೋಗಿ ನಾಲ್ಕು ನಿಮಿಷ ನಿಂತುದು ಕಂಡುಬಂದು, ಅವನು ನಿರ್ದೋಷಿಯೆನಿಸಿದನು. ಮೂರು ತಿಂಗಳ ಬಳಿಕ ಅದೇ ಯಂತ್ರವು, ನಿಲ್ದಾಣವಲ್ಲದ ಕಡೆ ಬಸ್ಸು ಒಂಬತ್ತು ನಿಮಿಷ ನಿಂತಿತೆಂದು ವರದಿ ಕೊಟ್ಟಿತು. ಮುದುಕಿಯೊಬ್ಬಳಿಗೆ ಬಸ್ಸಿನಲ್ಲಿ ತಲೆ ತಿರುಗಿ ಪ್ರಜ್ಞೆ ತಪ್ಪಿತ್ತು. ಗಾಳಿಗಾಗಿ ಮರದ ನೆರಳಿನಲ್ಲಿ ನಿಲ್ಲಿಸಿ, ನೀರು ಕುಡಿಸಿ, ಅವಳು ಚೇತರಿಸಿಕೊಂಡ ಮೇಲೆ ಹೊರಟಿದ್ದನು. ದಾಖಲೆಯಲ್ಲಿ ಮುದುಕಿಯೂ ಇರಲಿಲ್ಲ, ಮರವೂ ಇರಲಿಲ್ಲ. ಒಂಬತ್ತು ನಿಮಿಷ ಮಾತ್ರ ಇತ್ತು. ವಿವರಣೆಯನ್ನು ಕೇಳುವ ಮೊದಲೇ ದಂಡದ ಕಾಗದ ಬಂದಿತು.

“ದಂಡ ಕಟ್ಟಿದ್ದಕ್ಕೆ ದುಃಖವಿಲ್ಲ ಮೇಷ್ಟ್ರೇ. ಆದರೆ ಈಗ ಯಾರಾದರೂ ‘ಸ್ವಲ್ಪ ನಿಲ್ಲಿಸಪ್ಪ’ ಅಂದರೆ, ನನ್ನ ಕಣ್ಣು ಮೊದಲು ಆ ಪೆಟ್ಟಿಗೆಯ ದೀಪದ ಕಡೆ ಹೋಗುತ್ತದೆ” ಎಂದನು.

ಈ ಕಡೆಯ ಮಾತು ನಮ್ಮ ಮನಸ್ಸಿನಲ್ಲಿ ನಟ್ಟಿತು. ಮೂವತ್ತು ವರ್ಷಗಳಿಗೂ ಮಿಕ್ಕು ಹಾಜರಿ ಪುಸ್ತಕವನ್ನು ಬರೆದ ಕೈ ನಮ್ಮದು. ಯಾವ ಹುಡುಗನು ತಡವಾಗಿ ಬಂದನೆಂಬುದನ್ನು ಆ ಪುಸ್ತಕವು ಹೇಳುತ್ತಿತ್ತು. ಬೆಳಗಿನ ಜಾವದಲ್ಲೆದ್ದು ಹತ್ತು ಮನೆಗೆ ಹಾಲು ಹಾಕಿ ಬಂದನೆಂಬುದನ್ನು ಅದು ಹೇಳುತ್ತಿರಲಿಲ್ಲ. ಕೇಳದೆಯೇ ಬೆತ್ತವನ್ನು ಎತ್ತಿದ ದಿನಗಳು ನಮಗೂ ಉಂಟು. ಅವನ್ನು ನೆನೆದರೆ ಈಗಲೂ ಕೈ ಹಿಂಜರಿಯುವುದು. ಪುಸ್ತಕದಲ್ಲಿ ಸುಳ್ಳಿರಲಿಲ್ಲ, ಅದನ್ನು ಓದಿದ ನಾವು ಅರ್ಧವನ್ನೇ ಪೂರ್ತಿಯೆಂದು ಭಾವಿಸಿದೆವು.

ಅದೂ ಅಲ್ಲದೆ, ಯಂತ್ರದ ಮಾತು ಯಾವಾಗಲೂ ನಿಜವೆಂದೇನೂ ಇಲ್ಲ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಅಲೆಗಳು ಗೋಡೆಗೆ ತಾಗಿ ಸುತ್ತಿಕೊಂಡು ಬರುವುದರಿಂದ ಲೆಕ್ಕವು ತಪ್ಪಿ, ಈ ರಸ್ತೆಯ ಬಸ್ಸನ್ನು ಪಕ್ಕದ ರಸ್ತೆಯಲ್ಲಿ ತೋರಿಸುವುದುಂಟು. ಸುರಂಗದಲ್ಲಿಯೂ ದಟ್ಟವಾದ ಕಾಡಿನಲ್ಲಿಯೂ ಅಲೆಗಳೇ ಸರಿಯಾಗಿ ದೊರೆಯುವುದಿಲ್ಲ. ಫೋನಿನ ಜಾಲವಿಲ್ಲದ ಮಲೆನಾಡಿನ ಘಟ್ಟಗಳಲ್ಲಿ ವರದಿಯು ಕೊಠಡಿಗೆ ಆಗಿಂದಾಗ ತಲಪುವುದಿಲ್ಲ. ಇಂತಹ ಸಾಕ್ಷಿಯೊಂದನ್ನೇ ನಂಬಿ ಒಬ್ಬನ ಅನ್ನಕ್ಕೆ ಕೈ ಹಾಕುವುದು ನ್ಯಾಯವಲ್ಲ.

ಕೆಲಸದ ಹೊತ್ತಿನಲ್ಲಿ ಸರಕಾರದ ವಾಹನವು ಎಲ್ಲಿದೆಯೆಂದು ತಿಳಿಯುವ ಹಕ್ಕು ಸರಕಾರಕ್ಕೆ ನಿಶ್ಚಯವಾಗಿಯೂ ಇದೆ. ಆದರೆ ವಾಹನದ ಜಾಡನ್ನು ಹಿಡಿಯುವುದು ಬೇರೆ, ಮನುಷ್ಯನ ಜಾಡನ್ನು ಹಿಡಿಯುವುದು ಬೇರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪಿತ್ತರು. ೨೦೨೪ರ ಜುಲೈಯಲ್ಲಿ ಅದೇ ನ್ಯಾಯಾಲಯವು, ಜಾಮೀನಿನ ಮೇಲೆ ಬಿಟ್ಟ ಆಪಾದಿತನು ಕೂಡ ತನ್ನ ಫೋನಿನ ಮೂಲಕ ಸದಾ ತಾನಿರುವ ಸ್ಥಳವನ್ನು ಪೊಲೀಸರಿಗೆ ತೋರಿಸುತ್ತಿರಬೇಕೆಂಬ ಷರತ್ತನ್ನು ವಿಧಿಸಲಾಗದೆಂದು ಹೇಳಿತು. ಆಪಾದಿತನಿಗೇ ಇಷ್ಟು ರಕ್ಷೆಯಿರುವಾಗ, ನಿಷ್ಠೆಯಿಂದ ದುಡಿಯುವ ಚಾಲಕನಿಗೆ ಬಿಡುವಿನ ಹೊತ್ತಿನಲ್ಲಾದರೂ ತನ್ನ ಪಾಡಿಗೆ ತಾನಿರುವ ಅವಕಾಶವಿರಬೇಡವೆ? ಅವನ ಸ್ವಂತ ಫೋನಿನಲ್ಲಿ ಇದೇ ಯಂತ್ರವನ್ನು ಇಡಿಸುವುದು ಅತಿಕ್ರಮವೇ ಸರಿ.

ನಿಗಮನ

ಎರಡು ತಟ್ಟೆಗಳನ್ನೂ ತೂಗಿದ ಮೇಲೆ ನಮಗೆ ತೋರುವುದಿಷ್ಟು. ಬಹಳ ಓಡುವ ದೊಡ್ಡ ವಾಹನಗಳಿಗೆ ಯಂತ್ರವು ತನ್ನ ವೆಚ್ಚವನ್ನು ತಾನೇ ದುಡಿದುಕೊಳ್ಳುವುದು. ಸಣ್ಣ ವಾಹನಗಳಿಗೆ ಅದು ಹಣವನ್ನು ಉಳಿಸುವುದೆಂಬ ಆಸೆಯಿಂದಲ್ಲ, ಸೇವೆಯು ಎಲ್ಲರಿಗೂ ಸಮನಾಗಿ ದೊರೆಯಲೆಂಬ ಉದ್ದೇಶದಿಂದ ಇಡತಕ್ಕದ್ದು. ಎಲ್ಲಿಯೂ ಯಂತ್ರವನ್ನು ಕೊಳ್ಳುವ ಮೊದಲು ನೋಡುವ ಮನುಷ್ಯನನ್ನು ನೇಮಿಸಬೇಕು. ದಾಖಲೆಗಳನ್ನು ಎಷ್ಟು ಕಾಲ ಇಡುವರು, ಯಾರು ನೋಡಬಹುದು ಎಂಬುದನ್ನು ಬರೆದು ಪ್ರಕಟಿಸಬೇಕು. ಸಾರ್ವಜನಿಕರ ಹಣದಿಂದ ಕೂಡಿದ ಈ ತಿಳಿವಳಿಕೆಯಲ್ಲಿ ಬಸ್ಸಿನ ಬರವು ಫೋನಿಲ್ಲದ ಮುದುಕನಿಗೂ ತಿಳಿಯುವಂತೆ ನಿಲ್ದಾಣದ ಹಲಗೆಯ ಮೇಲೆ ಕನ್ನಡದಲ್ಲಿ ಕಾಣಬೇಕು. ಮತ್ತು ಯಂತ್ರದ ವರದಿಯ ಮೇಲೆ ಯಾರನ್ನಾದರೂ ದಂಡಿಸುವ ಮುನ್ನ ಅವನನ್ನು ಕರೆದು, “ಏಕೆ ನಿಲ್ಲಿಸಿದೆ?” ಎಂದು ಕೇಳಬೇಕು. ಈ ಪ್ರಶ್ನೆಗೆ ಯಾವ ವೆಚ್ಚವೂ ಇಲ್ಲ.

ನಮ್ಮ ಊರಿನ ಸಭೆಗಳಲ್ಲಿ ಇಂತಹ ಯಂತ್ರಗಳ ವಿಷಯ ಬಂದಾಗ ಗೃಹಸ್ಥರು ಸುಮ್ಮನಿರದೆ ಈ ಪ್ರಶ್ನೆಗಳನ್ನು ಎತ್ತುವುದು ಒಳ್ಳೆಯದು. ಬೆಲೆಯೆಷ್ಟೆಂದು ಎಲ್ಲರೂ ಕೇಳುವರು. ಐದು ವರ್ಷದ ವೆಚ್ಚವೆಷ್ಟು, ನೋಡುವವರಾರು, ಕೇಳುವವರಾರು ಎಂಬುದನ್ನು ನಾವು ಕೇಳೋಣ.

ಶಿಷ್ಯನು ಹೊರಡುವಾಗ, “ಮುಂದೆ ಯಾರಿಗಾದರೂ ಹಾಗಾದರೆ ಏನು ಮಾಡುವೆ?” ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಲ್ಲಿಸದೆ ಇರೋಕ್ಕಾಗುತ್ತದೆಯೇ ಮೇಷ್ಟ್ರೇ? ನಿಲ್ಲಿಸುತ್ತೇನೆ. ಕೇಳುವವರು ಕೇಳಲಿ” ಎಂದನು. ಕೇಳುವವರು ಇರುವಂತೆ ನೋಡಿಕೊಳ್ಳುವುದು ನಮ್ಮ ನಿಮ್ಮೆಲ್ಲರ ಹೊಣೆ.